ಎಂತ ಮದ್ದು ಎಂದು ಕೇಳುವ ಮೊದಲು

ಮಾರ್ಚ್ ಕೊನೆಯಲ್ಲಿ ಪರೀಕ್ಷೆ ಮುಗಿದ ದಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಬೇರು ಸಮೇತ ಕಿತ್ತ ಬದನೆ ಗಿಡ. “ಸರ್, ಮೊನ್ನೆವರೆಗೆ ಚಂದ ಇತ್ತು. ಈಗ ಒಂದೊಂದೇ ಬಾಡ್ತಾ ಉಂಟು. ಎಂತ ಮದ್ದು ಬಿಡಬೇಕು?” ಅಂತ ಕೇಳಿದ.

ಪ್ರತಿ ಬೇಸಿಗೆಯಲ್ಲೂ ನನಗೆ ಈ ಪ್ರಶ್ನೆ ಬರುತ್ತದೆ. ಮಕ್ಕಳು ಮಾತ್ರ ಅಲ್ಲ, ಮನೆಯ ಹಿರಿಯರೂ ಹೀಗೇ ಕೇಳುತ್ತಾರೆ. “ಇದು ಎಂತ ರೋಗ?” ಅಂತ ಕೇಳುವವರು ಕಡಿಮೆ. ನಮಗೆ ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸದೆ ಮಾತ್ರೆ ನುಂಗಬೇಡ ಅನ್ನುತ್ತೇವೆ. ಗಿಡದ ವಿಷಯಕ್ಕೆ ಬಂದಾಗ ಮಾತ್ರ ಸೀದಾ ಅಂಗಡಿಗೆ ಹೋಗಿ ಬಾಟಲಿ ತರುತ್ತೇವೆ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಆ ದಿನ ನಾವಿಬ್ಬರೂ ಲ್ಯಾಬಿಗೆ ಹೋದೆವು. ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಹಿಡಿದೆವು. ಸ್ವಲ್ಪ ಹೊತ್ತಿನಲ್ಲಿ ಆ ತುದಿಯಿಂದ ಹಾಲಿನ ಬಣ್ಣದ ಸಪೂರ ಎಳೆ ನೀರಿಗೆ ಇಳಿಯತೊಡಗಿತು. ಹುಡುಗ ಕಣ್ಣು ಮಿಟುಕಿಸದೆ ನೋಡಿದ. ಆ ಎಳೆಯಲ್ಲಿ ಇದ್ದದ್ದು ಬ್ಯಾಕ್ಟೀರಿಯಾ, ರಾಲ್‌ಸ್ಟೋನಿಯ ಸೊಲನೇಸಿಯಾರಮ್. ಅದು ಮಣ್ಣಿನಲ್ಲಿ ಇದ್ದು ಬೇರಿನ ಗಾಯದ ಮೂಲಕ ಒಳಗೆ ಹೋಗುತ್ತದೆ, ನೀರು ಸಾಗಿಸುವ ಕ್ಸೈಲಂ ನಾಳಗಳಲ್ಲಿ ತುಂಬಿಕೊಳ್ಳುತ್ತದೆ. ದಾರಿ ಕಟ್ಟಿದ ಮೇಲೆ ಬುಡಕ್ಕೆ ಎಷ್ಟು ನೀರು ಹೊಯ್ದರೂ ಎಲೆಗೆ ಮುಟ್ಟುವುದಿಲ್ಲ. ಎಲೆಯ ಮೇಲೆ ಬಿಟ್ಟ ಮದ್ದು ಆ ನಾಳದೊಳಗೆ ಹೋಗಿ ಇದನ್ನು ಗುಣ ಮಾಡುವುದೂ ಇಲ್ಲ. ಒಂದು ಲೋಟ ನೀರು ಅವನ ಮನೆಯವರ ದುಡ್ಡನ್ನೂ ಹಿತ್ತಿಲಿನ ಮಣ್ಣನ್ನೂ ಉಳಿಸಿತು.

ನಾನು ಇದನ್ನು ಸುಲಭದಲ್ಲಿ ಕಲಿತವನಲ್ಲ. ಬಿಎಸ್‌ಸಿ ಓದುವಾಗ ಅಮ್ಮ ನೆಟ್ಟ ಮೆಣಸಿನ ಗಿಡದ ಎಲೆ ಮುರುಟಿತ್ತು. ಅಂಗಡಿಯವರು ಕೊಟ್ಟ ಶಿಲೀಂಧ್ರದ ಮದ್ದನ್ನು ಮೂರು ಸಲ ಬಿಟ್ಟೆ. ಮುರುಟು ಹೋಗಲಿಲ್ಲ. ಆಮೇಲೆ ಗೊತ್ತಾಯಿತು: ಎಲೆ ಮೇಲ್ಮುಖವಾಗಿ ದೋಣಿಯ ಹಾಗೆ ಮಡಚಿದ್ದರೆ ಹೆಚ್ಚಾಗಿ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಮುಖವಾಗಿ ಮಡಚಿದ್ದರೆ ನುಸಿ. ವೈರಸ್ಸಿನಿಂದಲೂ ಮುರುಟುತ್ತದೆ. ನಾನು ಬಿಟ್ಟದ್ದು ಈ ಮೂರರಲ್ಲಿ ಯಾವುದಕ್ಕೂ ಮದ್ದಲ್ಲ! ಒಂದು ಬಿಳಿ ಕಾಗದದ ಮೇಲೆ ಗಿಡದ ತುದಿಯನ್ನು ತಟ್ಟಿ ಭೂತಗನ್ನಡಿಯಲ್ಲಿ ನೋಡಿದ್ದರೆ ಓಡಾಡುವ ಥ್ರಿಪ್ಸ್ ಕಾಣುತ್ತಿತ್ತೋ ಏನೋ. ನಾನು ನೋಡಲೇ ಇಲ್ಲ.

“ಹಾಗಾದರೆ ಮದ್ದೇ ಬೇಡವಾ ಸರ್?” ಅಂತ ನೀವು ಕೇಳಬಹುದು. ಬೇಕು. ಅಡಿಕೆಯ ಕೊಳೆರೋಗವನ್ನೇ ನೋಡಿ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫೈಟಾಫ್ತೊರ ಎಂಬ ಜೀವಿ ಮಳೆಗಾಲದಲ್ಲಿ ಕಾಯನ್ನು ಕೊಳೆಸುತ್ತದೆ ಎಂಬುದು ತಿಳಿದದ್ದರಿಂದಲೇ ಮಳೆಗೆ ಮೊದಲು ಬೋರ್ಡೋ ದ್ರಾವಣ ಬಿಡಬೇಕು ಎಂಬ ತೀರ್ಮಾನಕ್ಕೆ ಅರ್ಥ ಬಂತು. ಕಾಯಿ ಕೊಳೆತ ಮೇಲೆ ಬಿಟ್ಟರೆ ಆ ಕಾಯಿ ಉಳಿಯುವುದಿಲ್ಲ. ರೋಗ ಗೊತ್ತಾಯಿತು, ಕಾಲ ಗೊತ್ತಾಯಿತು, ಆಮೇಲೆ ಮದ್ದು.

ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಹಿರಿಯರು ಬೋರ್ಡೋ ಮಾಡುವಾಗ ದೂರ ನಿಂತು ನೋಡಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿದರೆ “ಸುಣ್ಣ ಸಾಲದು” ಅನ್ನುತ್ತಾರೆ. ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟ ಮಾಡುತ್ತದೆ ಅಂತ ನೀವು ಬಾಯಿಪಾಠ ಮಾಡಿದ ಕ್ರಿಯೆ ಅದೇ. ತೋಟದವರು ನಮಗಿಂತ ಮೊದಲೇ ಪರೀಕ್ಷೆ ಮಾಡಿ ನೋಡುವವರು.

ನೋಡದೆ ಮದ್ದು ಬಿಡಬೇಡಿ ಅಂತ ಕಾಸರಗೋಡಿನ ಮಕ್ಕಳಿಗೆ ಹೇಳಲು ಇನ್ನೊಂದು ಕಾರಣ ಉಂಟು. ನಮ್ಮ ಗುಡ್ಡದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುರಿ ಇದ್ದದ್ದು ಟೀ ಸೊಳ್ಳೆ ಎಂಬ ಒಂದು ಕೀಟ. ಗುಡ್ಡದ ಕೆಳಗೆ ಮನೆ, ಬಾವಿ, ಸುರಂಗ, ತೋಡು ಎಲ್ಲ ಇತ್ತು. ಅದರ ನೋವು ಎಣ್ಮಕಜೆಯಂಥ ಊರುಗಳಲ್ಲಿ ಇವತ್ತಿಗೂ ಮುಗಿದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಹಿತ್ತಿಲಿನ ನಾಲ್ಕು ಬದನೆ ಗಿಡಕ್ಕೂ ಅದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ಬಿಟ್ಟ ಮದ್ದು ಬಿಟ್ಟಲ್ಲೇ ನಿಲ್ಲುವುದಿಲ್ಲ ಎಂಬ ಪಾಠ ಎರಡಕ್ಕೂ ಒಂದೇ.

ಈಗ ರಜೆಯ ಕೆಲಸ. ಬಿಸಿಲೇರುವ ಮೊದಲು, ಬೆಳಿಗ್ಗೆ ಮಾಡಿ. ಮಧ್ಯಾಹ್ನ ಬಾಡಿದ ಗಿಡ ಸಂಜೆ ತಲೆಯೆತ್ತಿದರೆ ಅದು ಬಿಸಿಲಿನ ಬಳಲಿಕೆ. ಮರುದಿನ ಬೆಳಿಗ್ಗೆಯೂ ಬಾಡಿಯೇ ಇದ್ದರೆ ಲೋಟದ ಪರೀಕ್ಷೆ ಮಾಡಿ. ಕತ್ತರಿಸಲು ದೊಡ್ಡವರ ಸಹಾಯ ಬೇಕು. ಬೆಂಡೆಯ ಎಲೆಯಲ್ಲಿ ನರಗಳು ಹಳದಿ ಬಲೆಯ ಹಾಗೆ ಕಂಡರೆ ಅದು ಬಿಳಿನೊಣ ಹರಡುವ ವೈರಸ್. ಅದನ್ನು ಗುಣ ಮಾಡುವ ಮದ್ದಿಲ್ಲ, ಒಂದೆರಡು ಗಿಡಕ್ಕೆ ಬಂದಾಗಲೇ ಕಿತ್ತು ತೆಗೆಯಿರಿ. ರೋಗದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಬದನೆ ಬಾಡಿದ ಜಾಗದಲ್ಲಿ ಪುನಃ ಬದನೆ, ಟೊಮೆಟೊ, ಮೆಣಸು ನೆಡಬೇಡಿ, ಎಲ್ಲ ಒಂದೇ ಕುಟುಂಬದವು. ಅಲಸಂಡೆಯೋ ಬೆಂಡೆಯೋ ಹಾಕಿ. ಅಂಗಳ ಗುಡಿಸಿದ ತರಗೆಲೆಗೆ ಬೆಂಕಿ ಕೊಡುವುದು ಬೇಡ. ಗಿಡದ ಬುಡಕ್ಕೆ ಹರಡಿ, ಮಣ್ಣಿನ ತೇವ ಉಳಿಯುತ್ತದೆ.

ಒಂದು ಹಳೆಯ ನೋಟ್ ಪುಸ್ತಕ ಇಟ್ಟುಕೊಳ್ಳಿ. ಯಾವ ಗಿಡ, ಯಾವ ತಾರೀಕು, ಎಲೆಯಲ್ಲಿ ಎಂತ ಕಂಡಿತು, ಎಷ್ಟು ಗಿಡಕ್ಕೆ ಹರಡಿತು ಅಂತ ಬರೆಯಿರಿ, ಚಿತ್ರವನ್ನೂ ಬಿಡಿಸಿ. ಜೂನ್‌ನಲ್ಲಿ ಶಾಲೆ ತೆರೆದಾಗ ಆ ಪುಸ್ತಕ ತನ್ನಿ. ನನಗೆ ಗೊತ್ತಿಲ್ಲದ್ದು ಅದರಲ್ಲಿ ಇದ್ದರೆ ಒಟ್ಟಿಗೆ ಕೂತು ಹುಡುಕುವ.