ಸಾವಯವ ಕಾಫಿ: ಮುದ್ರೆಯಷ್ಟೇ ಸಾಲದು

ಕಡಿಯಾಳಿಯ ವರ್ತಕರಿಗೆ ಕಾಫಿ ಸೀಮೆ ದೂರವಲ್ಲ. ಆಗುಂಬೆ ಘಾಟಿ ಏರಿದರೆ ಕೊಪ್ಪ, ಅದರಾಚೆ ಚಿಕ್ಕಮಗಳೂರು. ಸಾವಯವ ಕಾಫಿ ಕೊಂಡ ಗ್ರಾಹಕ ಮರಳಿ ಬಾರದಿದ್ದರೆ ದೋಷವನ್ನು ತೋಟಕ್ಕಿಂತ ಮೊದಲು ಅಂಗಡಿಯ ಕಪಾಟಿನಲ್ಲಿ ಹುಡುಕಬೇಕು.

‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆ ಬೆಳೆದ ವಿಧಾನಕ್ಕೆ ಸಾಕ್ಷಿ. ನ್ಯಾಯಯುತ ವ್ಯಾಪಾರದ ಮುದ್ರೆ ಬೆಳೆಗಾರನೊಡನೆ ನಡೆದ ವ್ಯವಹಾರಕ್ಕೆ. ರುಚಿಗೆ ಎರಡೂ ಹೊಣೆಯಲ್ಲ. ಹುರಿದ ಬೀಜ ಕೆಲವೇ ವಾರಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ. ಪುಡಿ ಇನ್ನೂ ಬೇಗ. ಕರಾವಳಿಯ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ನಿಯಮದಂತೆ ಮಿಶ್ರಣದಲ್ಲಿ ಚಿಕೋರಿ ಶೇ. 49ರವರೆಗೂ ಇರಬಹುದು. ಸಾವಯವ ಬೀಜಕ್ಕೆ ಹೆಚ್ಚಿನ ಬೆಲೆ ತೆತ್ತು, ಅರ್ಧದಷ್ಟು ಚಿಕೋರಿ ಬೆರೆಸುವುದು ಯಾವ ವ್ಯಾಪಾರ?

ತೋಟವನ್ನು ಸಾವಯವಕ್ಕೆ ಪರಿವರ್ತಿಸಲು ಬೆಳೆಗಾರ ಸಾಮಾನ್ಯವಾಗಿ ಮೂರು ವರ್ಷ ಕಾಯುತ್ತಾನೆ. ವರ್ತಕರು ವಾರಕ್ಕೆ ಬೇಕಾದಷ್ಟನ್ನೇ ಹುರಿಸಿ, ಹುರಿದ ದಿನಾಂಕವನ್ನೂ ಚಿಕೋರಿಯ ಪ್ರಮಾಣವನ್ನೂ ಪೊಟ್ಟಣದ ಮೇಲೆ ಸ್ಪಷ್ಟವಾಗಿ ಮುದ್ರಿಸಿ, ಸಾಧ್ಯವಾದರೆ ಗ್ರಾಹಕನ ಎದುರೇ ಪುಡಿ ಮಾಡಿಕೊಡಲಿ.