ಅಡಿಗೆ ಅರ್ಧ ಇಂಚು

ಕೊಟ್ಟೂರಿನ ತೇರಿಗೆ ಬರುವ ಆಟಿಕೆ ಅಂಗಡಿಗಳಲ್ಲಿ ರೇಸು ಕಾರು ಸಿಗುತ್ತದೆ, ಜೆಸಿಬಿ ಸಿಗುತ್ತದೆ, ಪೊಲೀಸ್ ಜೀಪೂ ಸಿಗುತ್ತದೆ. ವರ್ಷಗಟ್ಟಲೆ ಹಗಲು ರಾತ್ರಿ ಅದಿರು ಹೊತ್ತು ಕೂಡ್ಲಿಗಿಯ ಮೇಲೆ ಹಾದುಹೋದ ಹತ್ತು ಗಾಲಿಯ ಲಾರಿ ಮಾತ್ರ ಎಲ್ಲೂ ಸಿಗುವುದಿಲ್ಲ. ಅದನ್ನು ಯಾವ ಕಂಪನಿಯೂ ನಮಗಾಗಿ ಮಾಡಿಕೊಡುವುದಿಲ್ಲ. ನಾವೇ ಅಳತೆ ಹಿಡಿದು ಕಟ್ಟಬೇಕು, ಕಟ್ಟಿದ್ದನ್ನು ಊರಿನವರು ನೋಡುವ ಕಡೆ ಇಡಬೇಕು, ಇಟ್ಟಿದ್ದನ್ನು ಕಾಪಾಡಬೇಕು.

ನಮ್ಮಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಲಾರಿಗೆ ಬಾಡಿ ಕಟ್ಟುತ್ತಿದ್ದ ಬಡಗಿ. ನಾನು ಕಟ್ಟುವುದು ಅದೇ ಲಾರಿಗಳ ಸಣ್ಣ ರೂಪ. ಮನೆಗೆ ಬಂದವರು ಇದು ಹುಡುಗರ ಆಟವಲ್ಲವೇ ಎನ್ನುತ್ತಾರೆ. ಹುಡುಗರ ಆಟವನ್ನು ನಾನು ಕೀಳಾಗಿ ಕಾಣುವುದಿಲ್ಲ. ಜೋಳದ ದಂಟು ಸುಲಿದು, ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ ಮಾಡಿದ ಮಗುವಿಗೆ ಅಚ್ಚು ಎಲ್ಲಿ ಕೂರುತ್ತದೆ, ಕೀಲು ಯಾಕೆ ಬೇಕು, ನೊಗದ ಭಾರ ಎಲ್ಲಿ ಬೀಳುತ್ತದೆ ಎಂಬುದು ಯಾರೂ ಹೇಳದೆ ತಿಳಿದಿರುತ್ತದೆ. ಆ ಕೈಗೆ ಒಂದು ಟೇಪು ಕೊಡುವುದಷ್ಟೇ ಬಾಕಿ.

ಕಾರಿನ ಮಾದರಿ ಕಟ್ಟುವವರು ಲೋಕದಲ್ಲೆಲ್ಲ ಹೆಚ್ಚಾಗಿ ಬಳಸುವ ಅಳತೆಗಳಲ್ಲಿ 1:24 ಒಂದು. ನಮ್ಮ ಬಡಗಿಗಳು ಇವತ್ತಿಗೂ ಅಡಿ-ಇಂಚಿನಲ್ಲೇ ಲೆಕ್ಕ ಹಾಕುವುದರಿಂದ ನಮಗೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ: ಅಡಿಗೆ ಅರ್ಧ ಇಂಚು. ಮೂವತ್ತು ಅಡಿಯ ಲಾರಿ ಹದಿನೈದು ಇಂಚಾಗುತ್ತದೆ. ಐದಡಿಯ ಬಂಡಿಗಾಲಿ ಎರಡೂವರೆ ಇಂಚು. ಸುಮಾರು ಅರವತ್ತು ಅಡಿಯ ಕೊಟ್ಟೂರೇಶ್ವರನ ತೇರು ಮೂವತ್ತು ಇಂಚು. ಮೂರನ್ನೂ ಒಂದೇ ಬೀರುವಿನಲ್ಲಿ ನಿಲ್ಲಿಸಿದರೆ ತೇರಿನ ಎತ್ತರ ಎಂಥದ್ದೆಂದು ಮಗುವಿಗೆ ಕಣ್ಣಿಗೇ ಕಾಣುತ್ತದೆ. ಹಾಟ್ ವೀಲ್ಸ್‌ನಂಥ ಆಟಿಕೆಗಳು 1:64ರ ಆಸುಪಾಸಿನವು ಎನ್ನುತ್ತಾರಾದರೂ ಕಾರು ಲಾರಿ ಎರಡನ್ನೂ ಒಂದೇ ಪ್ಯಾಕೆಟ್ಟಿಗೆ ಹೊಂದುವಂತೆ ಕುಗ್ಗಿಸಿರುತ್ತಾರೆ. ಅಕ್ಕಪಕ್ಕ ಇಟ್ಟರೆ ಯಾವುದು ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ.

ಅವಸರ ಯಾಕೆ ಎನ್ನುವವರಿಗೆ ಹೇಳುತ್ತೇನೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ರಸ್ತೆ ಬದಿಯಲ್ಲಿ, ಹೊಲದ ಬದುವಿನಲ್ಲಿ ನಿಂತವು. ಕೆಲವು ಮಾರಾಟವಾದವು, ಕೆಲವು ಗುಜರಿ ಸೇರಿದವು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ, ನಾವು ಶಾಲೆಗೆ ಹತ್ತಿದ ಕೆಂಪು ಬಸ್ಸುಗಳಿಗೂ ಅದೇ ಗತಿ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರೇ ಉರುಳಿತು. ಅದನ್ನು ನೋಡಿದ ಮೇಲೂ ಅಳತೆ ಬರೆದಿಡಬೇಕೆಂದು ಅನ್ನಿಸದಿದ್ದರೆ ಇನ್ಯಾವಾಗ ಅನ್ನಿಸುತ್ತದೆ? ಗಾಡಿ ಗುಜರಿಗೆ ಹೋದಾಗ ಅದರ ಅಳತೆಯೂ, ಅದನ್ನು ಕಟ್ಟಿದವನ ಕೈಚಳಕವೂ ಅದರ ಜೊತೆಗೇ ಹೋಗುತ್ತವೆ. ಫೋಟೋ ಇದೆಯಲ್ಲ ಎನ್ನಬಹುದು. ಫೋಟೋದಲ್ಲಿ ಲಾರಿಯ ಅಡಿಭಾಗ ಕಾಣುವುದಿಲ್ಲ.

ಕಟ್ಟಲು ದುಬಾರಿ ಸಾಮಾನು ಬೇಡ. ಚಾಸಿಗೆ ಪ್ಲೈವುಡ್ ಪಟ್ಟಿ, ಕ್ಯಾಬಿನ್ನಿಗೆ ಎಣ್ಣೆ ಡಬ್ಬಿಯ ತಗಡು, ಸ್ಪ್ರಿಂಗ್ ಪಟ್ಟಿಗೆ ಹಳೆಯ ಮದುವೆ ಕಾರ್ಡು, ಟೈರಿಗೆ ಹವಾಯಿ ಚಪ್ಪಲಿ. ಅದಿರು ಲಾರಿಗೆ ಬಣ್ಣ ಹೊಳೆಯಬಾರದು. ಮಡ್‌ಗಾರ್ಡಿನ ಕೆಳಗೆ ಕೆಮ್ಮಣ್ಣಿನ ಪುಡಿ ಹತ್ತಿಸದಿದ್ದರೆ ಅದು ನಮ್ಮ ಲಾರಿ ಆಗುವುದೇ ಇಲ್ಲ. ಕಿಟಕಿಯ ಪ್ಲಾಸ್ಟಿಕ್ ಹಾಳೆಗೆ ಫೆವಿಕ್ವಿಕ್ ಹಚ್ಚಬೇಡಿ, ಅದರ ಆವಿಗೆ ಹಾಳೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ.

ಕಾಪಾಡುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಕೆಂಪು ಬಣ್ಣ ಬೇಗ ಮಾಸುತ್ತದೆ, ಹಾಗಾಗಿ ಬೀರುವನ್ನು ಕಿಟಕಿಗೆ ಎದುರಾಗಿ ಇಡಬಾರದು. ಗೋಡೆಗೆ ತಾಗಿಸಿಯೂ ಇಡಬಾರದು, ಗೆದ್ದಲು ಹತ್ತುತ್ತದೆ. ಹುಳ ಬೀಳದಿರಲೆಂದು ನುಸಿಗುಳಿಗೆ ಹಾಕುವುದು ನಮ್ಮ ಮನೆಗಳ ವಾಡಿಕೆ, ಆದರೆ ಅದರ ಆವಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಅಂಗಡಿಯಿಂದ ತಂದ ಕಾರುಗಳ ಮೆದು ಟೈರಿನಿಂದ ಎಣ್ಣೆಯಂಥ ಪದಾರ್ಥ ಇಳಿದು ಅಡಿಯ ಪ್ಲಾಸ್ಟಿಕ್ ಪೀಠವನ್ನೂ ತಿನ್ನುತ್ತದೆ. ಚಾಸಿಯ ಕೆಳಗೆ ಸಣ್ಣ ಮರದ ತುಂಡು ಕೊಟ್ಟು ಗಾಲಿ ಕೂದಲೆಳೆಯಷ್ಟು ಮೇಲಿರುವಂತೆ ನಿಲ್ಲಿಸಿದರೆ ಸಾಕು. ಧೂಳಿಗೆ ಬಟ್ಟೆ ಬೇಡ, ಮೆದು ಕುಂಚ ಸಾಕು. ಬಟ್ಟೆಗೆ ಮೊದಲು ಸಿಕ್ಕಿ ಮುರಿಯುವುದೇ ಕನ್ನಡಿ.

ಈಗ ನನ್ನ ಬೇಡಿಕೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಮೊದಲಿಗೆ ಒಂದೊಂದು ಕೇಂದ್ರದಲ್ಲಿ ಬೀಗ ಇರುವ ಒಂದು ಗಾಜಿನ ಬೀರು ಇಡಲಿ. ಹಡಗಲಿಯ ಮಕ್ಕಳು ಮೈಲಾರ ಜಾತ್ರೆಗೆ ಬರುವ ಬಂಡಿಯನ್ನು ಅಳೆಯಲಿ. ಹರಪನಹಳ್ಳಿಯವರಿಗೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಇದೆ. ಕೂಡ್ಲಿಗಿಯ ಲಾರಿಗೆ ಹಳೆಯ ಚಾಲಕರನ್ನೇ ಕರೆಸಿ ಕೇಳಲಿ, ಟಾರ್ಪಾಲಿನ ಹಗ್ಗ ಯಾವ ಕೊಕ್ಕೆಗೆ ಬಿಗಿಯುತ್ತಿದ್ದರು ಎಂಬುದನ್ನು ಅವರು ಹೇಳುವಷ್ಟು ಚೆನ್ನಾಗಿ ಯಾರೂ ಹೇಳಲಾರರು. ಪ್ರತಿ ಮಾದರಿಯ ಮುಂದೆ ಒಂದು ಚೀಟಿ ಇರಲಿ: ಯಾವ ಊರಿನ ಗಾಡಿ, ಯಾರು ಅಳೆದರು, ಯಾವ ವರ್ಷ, ಅಡಿಗೆ ಎಷ್ಟು ಇಂಚು. ಅಳತೆ ಬರೆದ ನೋಟ್‌ಬುಕ್ಕನ್ನೂ ಅದೇ ಬೀರುವಿನಲ್ಲಿ ಇಡಬೇಕು, ಮಾದರಿ ಮುರಿದರೆ ಮುಂದಿನವರು ಅದನ್ನು ನೋಡಿಕೊಂಡು ಮತ್ತೆ ಕಟ್ಟಬಹುದು.