ಮೌಸ್ ಸರಿಮಾಡಿದಿರಿ, ಕೀಬೋರ್ಡ್ ಯಾಕೆ ಬಿಟ್ಟಿರಿ?

ವಾಳೂಜಿನ ನಮ್ಮ ಕನ್ನಡಿಗರ ಮೇಲೆ ನನ್ನದೊಂದು ತಕರಾರಿದೆ. ಮನೆಗೆ ಹೊಸ ಕಂಪ್ಯೂಟರ್ ಬಂದ ದಿನ ಇವರ ಉತ್ಸಾಹ ನೋಡಬೇಕು. ಮೌಸಿನ ಬಾಣ ಎಷ್ಟು ಜೋರಾಗಿ ಓಡಬೇಕು, ಡಬಲ್ ಕ್ಲಿಕ್ ಎಷ್ಟು ಬೇಗ ಆಗಬೇಕು, ಮಗಳು ಚಿತ್ರ ಬಿಡಿಸುವ ಟ್ಯಾಬ್ಲೆಟ್ಟಿನ ಪೆನ್ನು ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ, ಎಲ್ಲಾ ತಮಗೆ ಬೇಕಾದ ಹಾಗೇ ಆಗಬೇಕು. ಕನ್ನಡ ಕೀಬೋರ್ಡ್ ಸೇರಿಸಿ ಅಂದರೆ ಮಾತ್ರ "ಅದೆಲ್ಲಾ ಯಾರಿಗ್ರೀ ಬರುತ್ತೆ" ಅಂತಾರೆ. ಯುಗಾದಿ ಶುಭಾಶಯಾನೂ ಇಂಗ್ಲಿಷ್ ಅಕ್ಷರದಲ್ಲೇ!

ಮೊದಲನೇ ನೆಪ, ಕಂಪ್ಯೂಟರಿನಲ್ಲಿ ಕನ್ನಡ ಇಲ್ಲ ಅನ್ನೋದು. ಸ್ವಾಮಿ, 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಇತ್ತು. ಆಗ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಸಿಡಿ ಹಾಕಿ ಒದ್ದಾಡಬೇಕಿತ್ತು, ಒಪ್ಪುತ್ತೇನೆ. ಈಗ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿದರೆ ಆಯಿತು. ವಿಂಡೋಸ್ ಕೀಲಿ, ಸ್ಪೇಸ್ ಬಾರ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಹಾಗೇ ವಾಪಸ್. ಕಚೇರಿಯ ಕಂಪ್ಯೂಟರಿನ ಸೆಟ್ಟಿಂಗ್ ನಮ್ಮ ಕೈಲಿರಲ್ಲ, ಸರಿ. ಮನೇದು?

ಎರಡನೇ ನೆಪ, ಯಾವ ಅಕ್ಷರ ಎಲ್ಲಿದೆ ಗೊತ್ತಿಲ್ಲ. ಇಂಗ್ಲಿಷ್ ಸ್ಪೆಲಿಂಗ್ ಒತ್ತಿದರೆ ಕನ್ನಡ ಮೂಡುವ ಫೋನೆಟಿಕ್ ಕೀಬೋರ್ಡನ್ನು 2019ರಲ್ಲಿ ವಿಂಡೋಸ್ 10ಕ್ಕೇ ಸೇರಿಸಿದರು. ನುಡಿಯಲ್ಲಿ ರೂಢಿಯಾದವರಿಗೆ ಕೆ.ಪಿ. ರಾವ್ ಅವರ ವಿನ್ಯಾಸ ಲಿನಕ್ಸಿನಲ್ಲೂ ಕಗಪ ಅನ್ನೋ ಹೆಸರಲ್ಲಿ ಸಿಗುತ್ತೆ.

ಇನ್ನು ಮಹಾರಾಷ್ಟ್ರದಲ್ಲಿರುವ ನಮಗೆ ಈ ನೆಪ ಹೇಳೋಕೆ ನಾಚಿಕೆ ಆಗಬೇಕು. ನಮ್ಮಲ್ಲಿ ಎಷ್ಟೋ ಜನ ಮರಾಠಿ ಅರ್ಜಿಗಳನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಪಟಪಟ ಟೈಪ್ ಮಾಡ್ತಾರೆ. 1986ರಲ್ಲಿ ಸರ್ಕಾರ ರೂಪಿಸಿದ ಇನ್‌ಸ್ಕ್ರಿಪ್ಟ್‌ನ ಉದ್ದೇಶವೇ ಭಾರತದ ಲಿಪಿಗಳಿಗೆಲ್ಲ ಒಂದೇ ಜಾಗ ಕೊಡೋದು. ಕೆ ಕೀಲಿ ಒತ್ತಿದರೆ ದೇವನಾಗರಿಯಲ್ಲೂ ಕ, ಕನ್ನಡದಲ್ಲೂ ಕ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಮರಾಠಿಯಲ್ಲಿ ಬಳಕೆಯಿಲ್ಲದ ಹ್ರಸ್ವ ಎ, ಒ ಕಲಿತುಕೊಂಡರೆ ಮುಗೀತು. ಬೆರಳಿಗೆ ಆಗಲೇ ಕನ್ನಡ ಬರುತ್ತೆ, ಮನಸ್ಸಿಗೆ ಬೇಡವಾಗಿದೆ ಅಷ್ಟೆ.

ಮೂರನೇ ನೆಪ ಎಲ್ಲಕ್ಕಿಂತ ಜಾಣತನದ್ದು: "ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಅರ್ಥ ಆಗುತ್ತಲ್ಲ!" ಆಗುತ್ತೆ, ನಿಮಗೆ ಮತ್ತು ನನಗೆ. ಕನ್ನಡ ಶಾಲೆಯಲ್ಲಿ ಕಲಿತು ಬಂದವರು ನಾವು. ಬಲೆ, ಬಳೆ, ಬಾಳೆ ಮೂರನ್ನೂ ಅವೇ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೂ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಲ್ಲೇ ಹುಟ್ಟಿದ ಮಕ್ಕಳು? ಮರಾಠಿ, ಇಂಗ್ಲಿಷ್ ಅಕ್ಷರಗಳನ್ನು ಶಾಲೆ ಕಲಿಸುತ್ತೆ, ರಸ್ತೆಯ ಬೋರ್ಡು ಕಲಿಸುತ್ತೆ. ಕನ್ನಡದ ಅಕ್ಷರ ಅವರ ಕಣ್ಣಿಗೆ ಬೀಳಬೇಕಾದರೆ ಅಪ್ಪ-ಅಮ್ಮ ಬರೆಯಬೇಕು. ನಾವೇ ಬರೆಯದಿದ್ದರೆ ಊರಲ್ಲಿ ಬಸ್ಸಿನ ಬೋರ್ಡು ಓದಲೂ ಅವರು ಇನ್ನೊಬ್ಬರನ್ನು ಕೇಳಬೇಕು. ಅವರ ಮಕ್ಕಳಿಗೆ ಮಾತೂ ಉಳಿಯಲ್ಲ.

ಇನ್‌ಸ್ಕ್ರಿಪ್ಟ್ ಮೇಲೋ ಕೆ.ಪಿ. ರಾವ್ ವಿನ್ಯಾಸ ಮೇಲೋ ಅಂತ ಜಗಳ ಆಡುವವರಿಗೂ ಒಂದು ಮಾತು: ಯಾವುದಾದರೂ ಇರಲಿ, ಮೊದಲು ಒಂದನ್ನು ಹಾಕಿಕೊಳ್ಳಿ. ನವೆಂಬರ್ ಒಂದಕ್ಕೆ ಬಾವುಟದ ಚಿತ್ರವನ್ನು ಪರದೆಗೆ ಅಂಟಿಸೋದರಿಂದ ಕನ್ನಡ ಉಳಿಯಲ್ಲ, ದಿನಾ ನಾಲ್ಕು ಸಾಲು ಬರೆದರೆ ಉಳಿಯುತ್ತೆ.

ಇದನ್ನು ಓದಿ ಸಿಟ್ಟು ಬಂತಾ? ಬೈಯಿರಿ, ಬೇಡ ಅನ್ನಲ್ಲ. ಕನ್ನಡ ಅಕ್ಷರದಲ್ಲಿ ಬೈಯಿರಿ.